ಯಜಮಾನನ ಮೊಳ

೨೦೦೯ನೆಯ ಇಸವಿ ನವೆಂಬರ್ ೨೩, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಚಿಮ್ಮಡದಲ್ಲಿ ಮನೆ ಕಟ್ಟುವ ಗವಂಡಿ ಗುರಪ್ಪ ಸಂಜುವಿನ ಬಲಗೈಯನ್ನು ಕಟ್ಟೆಯ ಮೇಲೆ ಚಾಚಿಸಿ, ಮೊಣಕೈಯಿಂದ ನಡುಬೆರಳ ತುದಿಯ ತನಕ ಒಂದು ಬಿದಿರುಕೋಲನ್ನಿಟ್ಟು, ತುದಿಯಲ್ಲಿ ಕುಡುಗೋಲಿನಿಂದ ಗುರುತು ಹಾಕಿದ. ಕೋಲನ್ನು ಅಲ್ಲಿಗೆ ಕತ್ತರಿಸಿ ಟೇಪಿನ ಪಕ್ಕ ಹಿಡಿದ. ಆಮೇಲೆ, ಯಾರಿಗೂ ಕೇಡು ಬಯಸದವನ ದನಿಯಲ್ಲಿ ಹೇಳಿದ:

"ಇಪ್ಪತ್ತೂವರಿ ಇಂಚ."

ಸಂಜು ಅಂದುಕೊಂಡಿದ್ದು ಹದಿನೆಂಟು. ತನ್ನ ಕೈ ಎರಡೂವರೆ ಇಂಚು ಹೆಚ್ಚು ಬೆಳೆದಿದೆ ಎಂದು ಮೂವತ್ತಾರು ವರ್ಷಗಳಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ಆರಡಿ ಮೂರು ಇಂಚಿನ ಆಳಿಗೆ ಅಷ್ಟು ಕೈ ಇರುವುದು ಸಹಜವೇ. ಆದರೆ ಬೀದಿದೀಪದ ಬಲ್ಬು ಬದಲಿಸಲು ಊರವರು ಏಣಿಯ ಬದಲು ಅವನನ್ನೇ ಕರೆಯುತ್ತಿದ್ದಾಗ ಅದು ಖರ್ಚಿನ ಬಾಬಾಗಿ ಕಂಡಿರಲಿಲ್ಲ.

ಆ ವರ್ಷದ ಮಳೆಗೆ ಸಂಜುವಿನ ಹಳೆಯ ಮಣ್ಣಿನ ಮನೆಯ ಮೂಡಣ ಗೋಡೆ ಕುಸಿದಿತ್ತು. ಈಗ ಬಾಡಿಗೆಯ ಎರಡು ಕೋಣೆಗಳಲ್ಲಿ ಅವನು, ಅವನ ತಾಯಿ ಸಾತವ್ವ, ಹೆಂಡತಿ ವೈಶಾಲಿ ಇದ್ದರು. ಜೊತೆಗೆ ಅತ್ತೆ ಮರೆವ್ವ. ಬಿದ್ದ ಗೋಡೆಯನ್ನು ನೋಡಿಕೊಂಡು ಹೋಗಲು ಅನಗವಾಡಿಯಿಂದ ಬಂದವಳು, ಮೂರು ವಾರವಾದರೂ ನೋಡಿ ಮುಗಿಸಿರಲಿಲ್ಲ. ಬೀಗತಿಯರಿಬ್ಬರು ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು, ಒಬ್ಬರಿಗೊಬ್ಬರು ಬೆನ್ನು ಮಾಡಿ.

ಹೊಸ ಮನೆಗೆ ಇದ್ದ ದಾರಿ ಒಂದೇ. ಬನಹಟ್ಟಿಯ ಒಂದು ಪತ್ತಿನ ಸಂಘ ಮನೆ ಕಟ್ಟುವವರಿಗೆ ಕಡಿಮೆ ಬಡ್ಡಿಗೆ ನಾಲ್ಕು ಲಕ್ಷದವರೆಗೆ ಸಾಲ ಕೊಡುತ್ತಿತ್ತು. ಕಟ್ಟಡದ ಪೂರ್ತಿ ಬಜೆಟ್ಟನ್ನು ಅರ್ಜಿಯ ಜೊತೆ ಕೊಡಬೇಕು, ಅದು ನಾಲ್ಕು ಲಕ್ಷವನ್ನು ಮೀರಬಾರದು. ಕೊನೆಯ ದಿನ ಇದೇ ಸೋಮವಾರ, ಸಂಜೆ ಐದು ಗಂಟೆ.

ಬಜೆಟ್ ಮಾಡುವುದರಲ್ಲಿ ಸಂಜುವಿಗೆ ಹೆಮ್ಮೆಯಿತ್ತು. ಅವನು ಕೆಲಸ ಮಾಡುತ್ತಿದ್ದುದು ಜಮಖಂಡಿಯಲ್ಲಿ, ಶ್ರೇಣಿಕ ಎಂಬ ಗುತ್ತಿಗೆದಾರರ ಆಫೀಸಿನಲ್ಲಿ. ಆ ವರ್ಷ ಶ್ರೇಣಿಕ ಅವರು ಕಟ್ಟಡದ ಬಜೆಟ್ ಮಾಡುವ ಒಂದು ಸಾಫ್ಟ್‌ವೇರ್ ತರಿಸಿದ್ದರು. ಉದ್ದ, ಅಗಲ, ಎತ್ತರ ತುಂಬಿದರೆ ಸಾಕು. ಇಟ್ಟಿಗೆ ಎಷ್ಟು, ಸಿಮೆಂಟ್ ಎಷ್ಟು ಚೀಲ, ಗವಂಡಿಯ ಕೂಲಿ ಎಷ್ಟು ಎಂದು ಅದೇ ಲೆಕ್ಕ ಹಾಕಿ, ಒಟ್ಟು ಮೊತ್ತ ಮಿತಿಯ ಒಳಗಿದ್ದರೆ ಹಸಿರಾಗಿ, ಮೀರಿದರೆ ಕೆಂಪಾಗಿ ತೋರಿಸುತ್ತಿತ್ತು. ಅದರ ಜೊತೆ ಬಂದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಸಂಜು ಒಬ್ಬನೇ. ಆ ಮೆಚ್ಚುಗೆಗೆ ಶ್ರೇಣಿಕ ಅವರು ತಮ್ಮ ಲ್ಯಾಪ್‌ಟಾಪನ್ನು ಎರಡು ದಿನಕ್ಕೆ ಮನೆಗೆ ಕೊಟ್ಟಿದ್ದರು.

ತೊಡಕು ಇದ್ದದ್ದು ಒಂದು ಕಡೆ. ಸಾಫ್ಟ್‌ವೇರಿಗೆ ಅಡಿ, ಇಂಚು ಗೊತ್ತು. ಗುರಪ್ಪನಿಗೆ ಮೊಳ ಗೊತ್ತು. ಅವನು ಕಟ್ಟುವ ಮನೆಗಳೆಲ್ಲ ಯಜಮಾನನ ಮೊಳದಲ್ಲೇ ಏಳಬೇಕು. ಈ ಮನೆ ಇಪ್ಪತ್ತೊಂದು ಮೊಳ ಉದ್ದ, ಹದಿನೈದು ಮೊಳ ಅಗಲ ಎಂದು ಬೀರೇಶ್ವರನ ಗುಡಿಯಲ್ಲಿ ಹೂ ಕೇಳಿ, ಅದು ಬಲಕ್ಕೆ ಬಿದ್ದು, ನಿಶ್ಚಯವಾಗಿತ್ತು. ಇನ್ನು ಆ ಸಂಖ್ಯೆಗಳನ್ನು ಮುಟ್ಟುವ ಹಾಗಿರಲಿಲ್ಲ.

ಹಾಗಾಗಿ ಭಾನುವಾರ ಸಂಜು ಒಂದು ಜಾಣತನ ಮಾಡಿದ. ಎಲ್ಲ ಅಳತೆಗಳನ್ನೂ ಮೊಳದಲ್ಲೇ ತುಂಬಿ, ಒಂದು ಮೊಳಕ್ಕೆ ಎಷ್ಟು ಇಂಚು ಎಂಬುದಕ್ಕೆ ಪರದೆಯಲ್ಲಿ ಒಂದೇ ಒಂದು ಚೌಕ ಇಟ್ಟ. ಆ ಒಂದು ಅಂಕಿಯನ್ನು ಬದಲಿಸಿದರೆ ಇಡೀ ಕಟ್ಟಡ ಬದಲಾಗುತ್ತಿತ್ತು. ಸದ್ಯಕ್ಕಿರಲಿ ಎಂದು ಅಲ್ಲಿ ಹದಿನೆಂಟು ಎಂದು ಬರೆದಿದ್ದ. ಮೊತ್ತ ೩,೯೪,೦೦೦ ಎಂದು ಹಸಿರಾಗಿ ಬಂದಿತ್ತು. ಆ ರಾತ್ರಿ ಅವನು ಹೊಸ ಮನೆಯಲ್ಲೇ ಮಲಗಿದವನಂತೆ ನಿದ್ದೆ ಮಾಡಿದ.

ಈಗ ಅಲ್ಲಿ ಇಪ್ಪತ್ತೂವರೆ ಎಂದು ಒತ್ತಿದ. ಕಲ್ಲು ಬಿದ್ದ ಜೇನುಗೂಡಿನಂತೆ ಪರದೆಯ ತುಂಬ ಅಂಕಿಗಳು ಕದಲಿದವು. ಕೆಳಗೆ ಕೆಂಪಾಗಿ ನಿಂತದ್ದು ೫,೩೧,೪೦೦.

ಪಕ್ಕದ ಮನೆಯ ಕರೆಪ್ಪ ಅಷ್ಟರಲ್ಲಿ ಬಂದು ಸಂಜುವಿನ ಹೆಗಲ ಮೇಲಿಂದ ನೋಡುತ್ತಿದ್ದ. ಕರೆಪ್ಪ ನಿವೃತ್ತ ಬಸ್ ಕಂಡಕ್ಟರ್. ಯಾರ ಮನೆಯಲ್ಲಿ ಏನೇ ನಡೆದರೂ ಟಿಕೆಟ್ ಕೇಳುವ ಹಕ್ಕು ತನ್ನದೆಂದು ತಿಳಿದವನು.

"ಎರಡೂವರಿ ಇಂಚಿಗೆ ಒಂದ ಲಕ್ಷ ಮೂವತ್ತೇಳ ಸಾವಿರಾ?" ಎಂದು ಕೇಳಿದ. "ಸಂಜು, ನಿನ್ನ ಕೈ ಭಾಳ ತುಟ್ಟಿ ಆತಲ್ಲೋ."

ಕೈ ಉದ್ದವಾದರೆ ಮನೆ ಉದ್ದಕ್ಕೂ ಬೆಳೆಯುತ್ತದೆ, ಅಗಲಕ್ಕೂ ಬೆಳೆಯುತ್ತದೆ, ಅದು ವರ್ಗದ ಲೆಕ್ಕ ಎಂದು ಸಂಜು ವಿವರಿಸಲು ಹೋದ. ಕರೆಪ್ಪ ಅರ್ಧಕ್ಕೇ ತಡೆದು, ಹಂಗಾದರ ಹದಿನೆಂಟೇ ಇಟ್ಟುಬಿಡು, ಹೂ ಮಾರುವವರೆಲ್ಲ ಅದನ್ನೇ ಇಡುತ್ತಾರಲ್ಲ ಎಂದ. ಗುರಪ್ಪ ಆ ಮಾತಿಗೆ ಎದ್ದೇ ನಿಂತ. ಹೂವಿನ ಮೊಳ ಹೂವಿಗೆ, ಮನೆಗೆ ಯಜಮಾನನ ಮೊಳ. ಬೇರೆ ಮೊಳದಲ್ಲಿ ಕಟ್ಟಿಸುವುದಿದ್ದರೆ ಬೇರೆ ಗವಂಡಿಯನ್ನು ನೋಡಿಕೊಳ್ಳಬೇಕು. ಅಷ್ಟು ಹೇಳಿ ತನ್ನ ಕರಣೆಯನ್ನು ಚೀಲಕ್ಕೆ ಹಾಕತೊಡಗಿದ.

ಸಂಜು ಅವನ ಕೈ ಹಿಡಿದು ಕೂರಿಸಿದ. ನೆಲಕ್ಕೆ ಹಾಸುವ ಟೈಲ್ಸ್ ತೆಗೆದು ಶಹಾಬಾದ್ ಕಲ್ಲು ಹಾಕಿ ನೋಡಿದ. ಬಣ್ಣ ತೆಗೆದ, ಸುಣ್ಣ ಹಾಕಿದ. ಹಿತ್ತಲ ಗೋಡೆಯನ್ನೇ ತೆಗೆದ. ಐದು ಲಕ್ಷದ ಕೆಳಗೆ ಅದು ಇಳಿಯಲಿಲ್ಲ. ಪರದೆಯ ಕೆಂಪು ಮುಖಕ್ಕೆ ಹೊಡೆದು ಸಂಜುವಿಗೆ ಜ್ವರ ಬಂದಂತೆ ಕಾಣುತ್ತಿತ್ತು. ಸೋತು ಎಲ್ಲವನ್ನೂ ಮತ್ತೆ ಮೊದಲಿನಂತೆ ತುಂಬಿದ.

ಆಗ ಕರೆಪ್ಪನಿಗೆ ಒಂದು ಪ್ರಶ್ನೆ ಹೊಳೆಯಿತು. ಅದು ಹೊಳೆಯದೆ ಇದ್ದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

"ಗುರಪ್ಪ, ಯಜಮಾನ ಅಂದ್ರ ಸಂಜುನ ಆಗಬೇಕಂತ ಎಲ್ಲೈತಿ?"

ಗುರಪ್ಪ ತಲೆ ಕೆರೆದುಕೊಂಡು ಯೋಚಿಸಿದ. ಜಾಗದ ಕಾಗದ ಯಾರ ಹೆಸರಿನಲ್ಲಿದ್ದರೂ ಚಿಂತೆಯಿಲ್ಲ. ಬುನಾದಿಯ ಪೂಜೆಗೆ ಕೂತು ಕಂಕಣ ಕಟ್ಟಿಸಿಕೊಂಡವರೇ ಯಜಮಾನರು. ಗಂಡಸೇ ಆಗಬೇಕೆಂದೇನೂ ಇಲ್ಲ. ಒಂದೇ ಒಲೆಯ ಅನ್ನ ಉಣ್ಣುವವರಾಗಿದ್ದರೆ ಸಾಕು. ಮನೆ ಮುಗಿಯುವ ತನಕ ಅವರು ಊರು ಬಿಡಬಾರದು, ಕಟ್ಟಡದ ವಿಷಯದಲ್ಲಿ ಅವರ ಮಾತೇ ಮಾತು. ಅಷ್ಟೆ.

ಸಂಜುವಿನ ತಲೆಯಲ್ಲಿ ದೀಪ ಹತ್ತಿತು. ಮೊಳಗಳ ಸಂಖ್ಯೆಯನ್ನು ಇಳಿಸುವಂತಿಲ್ಲ, ನಿಜ. ಮೊಳವನ್ನೇ ಇಳಿಸಬಹುದಲ್ಲ. ಹದಿನೆಂಟು ಇಂಚಿಗೆ ಆರು ಸಾವಿರ ಉಳಿಯುತ್ತಿತ್ತು. ಹದಿನೆಂಟೋ, ಅದರ ಮೇಲೆ ಒಂದು ಕೂದಲೋ ಇರುವ ಒಂದು ಕೈ ಮನೆಯಲ್ಲಿ ಸಿಕ್ಕರೆ ಸಾಕು.

ಮೊದಲ ಗೌರವ ತಾಯಿಗೆ. ಸಾತವ್ವ ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಬದಿಗಿಟ್ಟು ಬಂದು, ಗಂಭೀರವಾಗಿ ಕೈ ಚಾಚಿದಳು. ಮಗನ ಮನೆಗೆ ತಾನು ಯಜಮಾನಿ ಆಗುವುದು ಅವಳಿಗೆ ಹೊಸ ಸಂಗತಿಯಾಗಿ ತೋರಲಿಲ್ಲ. ಗುರಪ್ಪ ಹೊಸ ಕೋಲು ಕತ್ತರಿಸಿದ. ಹದಿನೆಂಟು ಮುಕ್ಕಾಲು. ಐದಡಿ ಒಂಬತ್ತು ಇಂಚಿನ ಸಾತವ್ವನಿಂದಲೇ ಸಂಜುವಿಗೆ ಎತ್ತರ ಬಂದದ್ದೆಂಬುದನ್ನು ಎಲ್ಲರೂ ಮರೆತಿದ್ದರು. ಪರದೆಯಲ್ಲಿ ೪,೩೨,೮೦೦, ಕೆಂಪು.

"ಇರಲಿ ಬಿಡು," ಎಂದು ಸಾತವ್ವ ಮೊರದ ಕಡೆಗೆ ಹೋದಳು. "ಉದ್ದನ ಕೈ ಅಂತ ನಿನ್ನ ಅಪ್ಪನೂ ಬೈತಿದ್ದ."

ನಂತರ ವೈಶಾಲಿ. ಅವಳದು ಹದಿನೆಂಟೂಕಾಲು. ಮೊತ್ತ ೪,೦೬,೭೦೦. ಕಟ್ಟೆಯ ಸುತ್ತ ಅಷ್ಟರಲ್ಲಿ ಓಣಿಯ ಎಂಟು ಹತ್ತು ಜನ ಸೇರಿದ್ದರು. ಏಳು ಸಾವಿರಕ್ಕೂ ಕಡಿಮೆ ಅಂತರ ಎಂದು ತಿಳಿದು ಎಲ್ಲರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ವೈಶಾಲಿ ಮೆಲ್ಲಗೆ ನಡುಬೆರಳನ್ನು ಬಗ್ಗಿಸಿದಳು. ಗುರಪ್ಪ ಕಣ್ಣು ಕೆಂಪಗೆ ಮಾಡಿದ.

"ಬೆರಳ ನೆಟ್ಟಗ ಮಾಡಬೇ ತಂಗಿ. ಮೋಸದ ಮೊಳದಾಗ ಕಟ್ಟಿದ ಮನಿ ನಿಂದರಂಗಿಲ್ಲ."

ಕರೆಪ್ಪನ ಕಣ್ಣು ಅವಳ ಉಗುರಿನ ಮೇಲೆ ಬಿತ್ತು. ಉಗುರು ಕೈಯ ಭಾಗವೋ ಅಲ್ಲವೋ ಎಂಬ ಚರ್ಚೆ ಕಾಲು ಗಂಟೆ ನಡೆಯಿತು. ಕಡೆಗೆ ಗುರಪ್ಪ, ಉಗುರು ತೆಗೆಯುವುದು ಮೋಸವಲ್ಲ, ಸ್ವಚ್ಛತೆ ಎಂದು ಒಪ್ಪಿದ. ವೈಶಾಲಿ ಕತ್ತರಿ ತಂದು ಕಣ್ಣು ಮುಚ್ಚಿ ಕತ್ತರಿಸಿದಳು. ಇಂಚಿನ ಹದಿನಾರರಲ್ಲಿ ಒಂದು ಭಾಗ ಕಡಿಮೆಯಾಯಿತು. ಸಂಜು ಹೊಸ ಅಂಕಿ ತುಂಬಿದ. ೪,೦೩,೫೦೦. ಚಿಮ್ಮಡದಲ್ಲಿ ಒಂದು ಉಗುರಿಗೆ ಮೂರು ಸಾವಿರದ ಇನ್ನೂರು ರೂಪಾಯಿ ಬೆಲೆ ಬಂದದ್ದು ಅದೇ ಮೊದಲು. ಆದರೆ ಆ ಬೆರಳಿನಲ್ಲಿ ಇನ್ನು ಕತ್ತರಿಸಲು ಉಗುರು ಉಳಿದಿರಲಿಲ್ಲ.

ಗಡಿಯಾರ ಹನ್ನೆರಡು ದಾಟಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧಕ್ಕೆ ಇಳಿದಿತ್ತು, ಊರಿನ ಕರೆಂಟು ಮೂರು ಗಂಟೆಯವರೆಗೆ ಬರುವ ಹಾಗಿರಲಿಲ್ಲ. ಕರೆಪ್ಪ ತನ್ನ ಹೆಂಡತಿಯ ಕೈ ಹದಿನಾರೇ ಇಂಚೆಂದೂ, ಬೇಕಾದರೆ ಕೊಡುತ್ತೇನೆಂದೂ, ಆದರೆ ಮನೆ ಆಮೇಲೆ ತಮ್ಮದೇ ಆಗುತ್ತದೆಂದೂ ತಿಳಿಸಿದ. ಜನ ನಕ್ಕರು. ಸಂಜುವಿಗೆ ನಗು ಬರಲಿಲ್ಲ. ಅವನು ಒಂದು ಕ್ಷಣ ಅದನ್ನು ನಿಜವಾಗಿಯೇ ಯೋಚಿಸುತ್ತಿದ್ದ.

ಆ ಹೊತ್ತಿಗೆ ಒಳಗಿನಿಂದ ಮರೆವ್ವ ಚಹಾದ ತಟ್ಟೆ ಹಿಡಿದು ಬಂದಳು. ನಾಲ್ಕಡಿ ಒಂಬತ್ತು ಇಂಚಿನ ಹೆಂಗಸು. ವೈಶಾಲಿ ತಂದೆಯನ್ನು ಹೋತದ್ದರಿಂದ ಇಬ್ಬರೂ ತಾಯಿಮಗಳೆಂದು ಹೇಳಿದರೆ ಬಸ್ಸಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಎಲ್ಲರಿಗೂ ಚಹಾ ಕೊಡುತ್ತ ಅವಳು ಕೈ ಮುಂದೆ ಚಾಚಿದಳು. ಅವಳ ಮುಖವನ್ನಾಗಲಿ ಚಹಾವನ್ನಾಗಲಿ ಯಾರೂ ನೋಡಲಿಲ್ಲ. ಎಲ್ಲರೂ ಮೊಣಕೈಯಿಂದ ಬೆರಳ ತುದಿಯವರೆಗೆ ನೋಡಿದರು.

"ಮೂರ ವಾರ ಇದ ಒಲಿ ಮ್ಯಾಲಿನ ಅನ್ನ ಉಂಡಾಳ," ಎಂದ ಕರೆಪ್ಪ, ನ್ಯಾಯಾಧೀಶನಂತೆ.

ಮರೆವ್ವನನ್ನು ಕೂರಿಸಿದರು. ಮಗಳು ಹೊಸ ಕುಪ್ಪಸ ಹೊಲಿಸುತ್ತಾಳೆಂದು ತಿಳಿದು ಅವಳು ಸಂತೋಷದಿಂದ ತೋಳು ಕೊಟ್ಟಳು. ಹೊಲದ ಕೆಲಸಕ್ಕೆ ಸವೆದು ಅವಳ ಬೆರಳುಗಳು ಮುಂದಕ್ಕೆ ಬಾಗಿದ್ದವು, ಇಪ್ಪತ್ತು ವರ್ಷದಿಂದ ನೆಟ್ಟಗಾಗಿರಲಿಲ್ಲ. ವೈಶಾಲಿ ಅದನ್ನು ನೋಡಿ, ತನ್ನ ಬೆರಳಿಗೆ ಒಂದು ನ್ಯಾಯ, ಅವ್ವನ ಬೆರಳಿಗೆ ಒಂದು ನ್ಯಾಯವೇ ಎಂದು ಕೇಳಿದಳು.

"ದೇವರ ಬಗ್ಗಿಸಿದ್ದು ಬ್ಯಾರೆ, ನೀ ಬಗ್ಗಿಸಿದ್ದು ಬ್ಯಾರೆ," ಎಂದು ಗುರಪ್ಪ ಕೋಲು ಕತ್ತರಿಸಿದ. ಹದಿಮೂರೂವರೆ ಇಂಚು.

ಸಂಜು ಅಂಕಿ ತುಂಬಿದ. ಪರದೆ ಕದಲಿತು, ನಿಂತಿತು, ಹಸಿರಾಯಿತು. ೨,೦೩,೩೦೦.

ಸಂಜು ಕಣ್ಣುಜ್ಜಿಕೊಂಡು ಮತ್ತೊಮ್ಮೆ ತುಂಬಿದ. ಅದೇ ಬಂತು. ಇಡೀ ಮನೆ ಅರ್ಧ ಬೆಲೆಗೆ. ಅವನು ಬೇಗ ಬೇಗ ಉದ್ದಗಲಗಳನ್ನು ಅಡಿಗೆ ಬದಲಿಸಿ ನೋಡಿದ. ಇಪ್ಪತ್ಮೂರೂವರೆ ಅಡಿಗೆ ಹದಿನೇಳು ಅಡಿ, ತುಸು ಹೆಚ್ಚುಕಡಿಮೆ. ಸಣ್ಣದೇನೋ ಹೌದು. ಆದರೆ ಬಿದ್ದುಹೋದ ಮನೆಯೂ ಅಷ್ಟೇ ಇತ್ತು, ಅದರಲ್ಲಿ ಮೂರು ತಲೆಮಾರು ಬದುಕಿತ್ತು.

ಮೊರದ ಸದ್ದು ನಿಂತದ್ದು ಸಂಜುವಿಗೆ ತಡವಾಗಿ ಗೊತ್ತಾಯಿತು. ಸಾತವ್ವ ಹಿಂದೆ ನಿಂತಿದ್ದಳು.

"ನನ್ನ ಮಗನ ಮನಿಗೆ ಬೀಗ್ತಿ ಯಜಮಾನ್ತಿ?" ಎಂದು ಕೇಳಿದಳು. ದನಿ ಏರಿರಲಿಲ್ಲ. ಅದೇ ಹೆಚ್ಚು ಹೆದರಿಕೆಯ ಸಂಗತಿ.

ಸಂಜು ತಾಯಿಯನ್ನು ಬದಿಗೆ ಕರೆದುಕೊಂಡು ಹೋಗಿ ತಿಳಿಹೇಳಿದ. ಇದು ಅಳತೆಗಷ್ಟೆ, ಹೆಸರಿಗಷ್ಟೆ. ಪೂಜೆಯ ದಿನ ಒಂದು ಗಂಟೆ ಕೂತರೆ ಮುಗಿಯಿತು. ಸಾಲದ ಭಾರ ಅರ್ಧಕ್ಕೆ ಇಳಿಯುತ್ತದೆ. ಮುಂದಿನ ಹತ್ತು ವರ್ಷ ಕಂತು ಕಟ್ಟುವವನು ತಾನೇ ಅಲ್ಲವೇ. ಮೊದಲ ದಿನದಿಂದ ಕೊನೆಯ ದಿನದವರೆಗೆ ಆ ಮನೆಯಲ್ಲಿ ಮೆರೆಯುವವಳು ಸಾತವ್ವನೇ. ಸಾತವ್ವ, ಅಳತಿಗಷ್ಟ ಹೌದಲ್ಲ ಎಂದು ಎರಡು ಸಲ ಕೇಳಿ, ಒಳಗೆ ಹೋದಳು.

ಮರೆವ್ವನನ್ನು ಒಪ್ಪಿಸಲು ಕಷ್ಟವಾಗಲಿಲ್ಲ. ಕುಪ್ಪಸದ ಆಸೆ ಹೋದದ್ದಕ್ಕೆ ಬೇಸರಪಟ್ಟುಕೊಂಡು, ಯಜಮಾನಿಯಾದರೆ ಏನೇನು ಮಾಡಬೇಕೆಂದು ಗುರಪ್ಪನನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಕಟ್ಟಡದ ಮಾತು ಪೂರ್ತಿ ತನ್ನದೇ ಎಂಬುದನ್ನು ಮಾತ್ರ ಇನ್ನೊಮ್ಮೆ ಹೇಳಿಸಿದಳು. ಗುರಪ್ಪ ಕೋಲಿಗೆ ಅರಿಶಿಣ ಹಚ್ಚಿ ಅವಳ ಕೈಗೆ ಮುಟ್ಟಿಸಿದ. ಅಲ್ಲಿಂದ ಮುಂದೆ ಆ ಮನೆಗೆ ಬೇರೆ ಕೈ ಇರಲಿಲ್ಲ.

ಸಂಜು ಟಂಟಂ ಆಟೋ ಹತ್ತಿ ಬನಹಟ್ಟಿಗೆ ಧಾವಿಸಿದ. ಒಂದು ಅಂಗಡಿಯಲ್ಲಿ ಬಜೆಟ್ಟಿನ ಹಾಳೆಗಳನ್ನು ಪ್ರಿಂಟ್ ತೆಗೆಸಿ, ಸಂಘದ ಕಿಟಕಿಗೆ ಕೊಟ್ಟಾಗ ಐದಕ್ಕೆ ಇನ್ನೂ ಸಮಯವಿತ್ತು. ಕಿಟಕಿಯ ಗುಮಾಸ್ತ ಮೊತ್ತ ನೋಡಿ, ತಲೆ ಎತ್ತಿ ಸಂಜುವನ್ನು ನೋಡಿದ. ಬಂದವರೆಲ್ಲ ನಾಲ್ಕು ಲಕ್ಷಕ್ಕೆ ನಾಲ್ಕೈದು ರೂಪಾಯಿ ಕಡಿಮೆ ಬರೆದಿದ್ದರು. ಇಷ್ಟು ಪ್ರಾಮಾಣಿಕ ಬಜೆಟ್ ತನ್ನ ಸರ್ವಿಸಿನಲ್ಲಿ ಕಂಡಿಲ್ಲ ಎಂದು ಅವನು ಮೊಹರು ಒತ್ತಿದ. ಸಂಜು ಹಿಂದಿರುಗುವಾಗ ಎಲ್ಲರಿಗೂ ಜಿಲೇಬಿ ಕಟ್ಟಿಸಿಕೊಂಡ.

ಸಂಜೆ ಕಟ್ಟೆಯ ಮೇಲೆ ಜಿಲೇಬಿ ಹಂಚುತ್ತಿದ್ದಾಗ ಗುರಪ್ಪ ಕೇಳಿದ, ಬಾಗಿಲ ಚೌಕಟ್ಟಿಗೆ ತೇರದಾಳದ ಬಡಿಗನಿಗೆ ಈಗಲೇ ಹೇಳಿಬಿಡೋಣ, ಬಾಗಿಲು ಎಷ್ಟು ಮೊಳ ಎತ್ತರ ಬರೆದೀ ಎಂದು. ನಾಲ್ಕೂವರೆ ಎಂದ ಸಂಜು, ಬಾಯಲ್ಲಿ ಜಿಲೇಬಿ ಇಟ್ಟುಕೊಂಡೇ. ಹದಿನೆಂಟು ಇಂಚಿನ ಮೊಳಕ್ಕೆ ಹಾಕಿಕೊಂಡ ಲೆಕ್ಕ ಅದು, ಆರು ಅಡಿ ಒಂಬತ್ತು ಇಂಚು, ತಲೆಗೆ ತಗಲದಂತೆ.

ಗುರಪ್ಪ ಅರಿಶಿಣದ ಕೋಲನ್ನು ಗೋಡೆಗೆ ನಿಲ್ಲಿಸಿದ. ಒಂದು, ಎರಡು, ಮೂರು, ನಾಲ್ಕು ಸಲ ಮೇಲಕ್ಕೆ ಸರಿಸಿ, ಇನ್ನರ್ಧ ಸೇರಿಸಿ, ಇದ್ದಿಲಿನಿಂದ ಗೆರೆ ಎಳೆದ. ಪಕ್ಕದಲ್ಲಿ ನಿಂತಿದ್ದ ಸಂಜುವಿನ ಹೆಗಲಿಗೆ ಸರಿಯಾಗಿ ಆ ಗೆರೆ ಬಂತು.

ಸಂಜು ನೋಡಿದ್ದು ಉದ್ದ ಮತ್ತು ಅಗಲವನ್ನು ಮಾತ್ರ. ಎತ್ತರವೂ ಅದೇ ಒಂದು ಅಂಕಿಗೆ ನೇತುಬಿದ್ದಿತ್ತು. ಅವನು ಲ್ಯಾಪ್‌ಟಾಪ್ ತೆರೆದು ಒಂದೊಂದೇ ಸಾಲು ಓದಿದ. ನೆಲದಿಂದ ಮಾಳಿಗೆಗೆ ಏಳಡಿ ನಾಲ್ಕು ಇಂಚಿಗೂ ತುಸು ಕಡಿಮೆ. ಫ್ಯಾನು ಹಾಕಿದರೆ ಅವನ ತಲೆಯ ಮಟ್ಟಕ್ಕೆ ತಿರುಗುತ್ತಿತ್ತು. ಮನೆ ಅರ್ಧ ಬೆಲೆಗೆ ಬಂದದ್ದು ಸುಮ್ಮನೆ ಅಲ್ಲ. ನಾಲ್ಕೂ ಕಡೆಯಿಂದ ಕುಗ್ಗಿದ್ದು ಸಾಲದೆಂದು ಮೇಲಿನಿಂದಲೂ ಕುಗ್ಗಿತ್ತು.

ಅವನ ಮುಖ ನೋಡಿ ಗುರಪ್ಪನಿಗೇ ಕನಿಕರ ಹುಟ್ಟಿತು. ಮೊಳ ಇನ್ನು ಬದಲಾಗುವುದಿಲ್ಲ, ಅರಿಶಿಣ ಬಿದ್ದಾಗಿದೆ. ಆದರೆ ದೇವರು ಹೂ ಕೊಟ್ಟದ್ದು ಉದ್ದಗಲಕ್ಕೆ, ಎತ್ತರಕ್ಕಲ್ಲ. ಬಾಗಿಲಿಗೆ ನಾಲ್ಕೂವರೆ ಮೊಳದ ಬದಲು ಆರು ಇಡಬಹುದು, ಮಾಳಿಗೆಗೂ ಎರಡು ಮೊಳ ಸೇರಿಸಬಹುದು, ಮೇಲೆ ಬೀಳುವ ಖರ್ಚು ದೊಡ್ಡದಲ್ಲ. ಯಜಮಾನಿ ಒಂದು ಮಾತು ಹೂಂ ಅಂದರೆ ಆಯಿತು.

ಎಲ್ಲರೂ ಮರೆವ್ವನ ಕಡೆ ತಿರುಗಿದರು.

ಮರೆವ್ವ ಎದ್ದು ಬಂದಳು. ಗೋಡೆಗೆ ಬೆನ್ನು ಹಚ್ಚಿ, ಇದ್ದಿಲಿನ ಗೆರೆಯ ಕೆಳಗೆ ನಿಂತಳು. ಅವಳ ನೆತ್ತಿಗೂ ಗೆರೆಗೂ ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು. ಅವಳು ಕೈ ಎತ್ತಿ ಆ ಜಾಗವನ್ನು ಮುಟ್ಟಿ ನೋಡಿದಳು.

"ನನಗ ಬರೋಬ್ಬರಿ ಐತಿ," ಎಂದಳು.

ಸಂಜು ಅಂಗಲಾಚಿದ. ತನ್ನ ಎತ್ತರ ನೋಡಬೇಕು ಎಂದ. ವೈಶಾಲಿ, ನಾನೂ ಬಗ್ಗಬೇಕಾಗ್ತದಬೇ ಎಂದಳು. ಮಕ್ಕಳು ಬಗ್ಗಿದರೆ ತಪ್ಪೇನು, ಸೊಂಟಕ್ಕೆ ಒಳ್ಳೆಯದೇ ಎಂದು ಮರೆವ್ವ ಉತ್ತರ ಕೊಟ್ಟಳು. ಆಮೇಲೆ ಯಾರ ಕಡೆಯೂ ನೋಡದೆ, ಸೆರಗಿನಿಂದ ಗೋಡೆಯ ಧೂಳು ಒರೆಸುತ್ತ ಹೇಳಿದಳು:

"ಹನ್ನೊಂದ ವರ್ಷದ ಹಿಂದ ಹೆಣ್ಣ ನೋಡಾಕ ಬಂದಾಗ ಬೀಗ್ತಿ ಕೇಳಿದ್ಲು, ಹುಡುಗಿ ಮುಂದ ತಾಯಿಯಂಗ ಗಿಡ್ಡ ಆಗಂಗಿಲ್ಲಲ್ಲ ಅಂತ. ಹತ್ತ ಮಂದಿ ಮುಂದ. ಅವತ್ತ ನಾ ತಲಿ ತಗ್ಗಿಸಿ ಒಳಗ ಹ್ವಾದೆ. ಏನೂ ಆಗಲಿಲ್ಲ. ತಲಿ ತಗ್ಗಿಸಿದ್ರ ಏನೂ ಆಗಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಸಾತವ್ವನ ಕೈಯಿಂದ ಜಿಲೇಬಿಯ ತುಂಡು ಜಾರಿತು. ಅವಳಿಗೆ ಆ ಮಾತು ನೆನಪೇ ಇರಲಿಲ್ಲ. ಈಗ ನೆನಪಾಯಿತೆಂಬುದು ಅವಳ ಮುಖದ ಮೇಲೆ ಎಲ್ಲರಿಗೂ ಕಂಡಿತು. ಅವಳು ಗೋಡೆಯ ಹತ್ತಿರ ಬಂದಳು, ಗೆರೆಯನ್ನು ನೋಡಿದಳು. ಅದು ಅವಳ ಗದ್ದದ ಕೆಳಗಿತ್ತು. ದಿನಕ್ಕೆ ಎಷ್ಟು ಸಲ ಒಳಗೆ ಹೋಗಬೇಕು, ಎಷ್ಟು ಸಲ ಹೊರಗೆ ಬರಬೇಕು ಎಂದು ಅವಳು ಲೆಕ್ಕ ಹಾಕುತ್ತಿದ್ದಂತೆ ತೋರಿತು. ಆ ಲೆಕ್ಕಕ್ಕೆ ಸಾಫ್ಟ್‌ವೇರ್ ಬೇಕಿರಲಿಲ್ಲ.

"ಅಳತಿಗಷ್ಟ ಅಂದಿ," ಎಂದು ಮಗನಿಗೆ ಹೇಳಿ ಸಾತವ್ವ ಒಳಗೆ ನಡೆದಳು.

ಮರೆವ್ವ ಜಿಲೇಬಿಯ ಎರಡನೆಯ ಸುತ್ತು ಬಿಚ್ಚುತ್ತ, ಇನ್ನು ಮನೆ ಮುಗಿಯುವ ತನಕ ತಾನು ಊರು ಬಿಡುವಂತಿಲ್ಲವಲ್ಲ, ಅನಗವಾಡಿಯಿಂದ ತನ್ನ ಹಾಸಿಗೆ ತರಿಸಿಕೊಡಬೇಕು ಎಂದಳು. ಕರೆಪ್ಪ ತನಗೆ ಮನೆಯಲ್ಲಿ ಕೆಲಸವಿದೆ ಎಂದು ಮೊದಲ ಬಾರಿಗೆ ನೆನಪು ಮಾಡಿಕೊಂಡು ಎದ್ದ.

ಗುರಪ್ಪ ಕೋಲನ್ನು ಚೀಲಕ್ಕೆ ಸೇರಿಸಿದ. ಆಮೇಲೆ, ತೇರದಾಳದ ಬಡಿಗನಿಗೆ ಮೊಳ ತಿಳಿಯುವುದಿಲ್ಲ, ಅಡಿ ಇಂಚಿನಲ್ಲಿ ಒಂದು ಚೀಟಿ ಬರೆದುಕೊಡು ಎಂದ. ಸಂಜು ಪರದೆಯ ಸಾಲನ್ನು ನೋಡಿ, ಒಂದೊಂದೇ ಅಕ್ಷರವಾಗಿ ಬರೆದ. ಮುಖ್ಯ ಬಾಗಿಲು, ಎತ್ತರ: ಐದು ಅಡಿ ಮುಕ್ಕಾಲು ಇಂಚು.